ಜಟ್ಟಪ್ಪ ಮೇಷ್ಟ್ರ ಎರಡು ಕೆಜಿ

ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚೆ ಜಟ್ಟಪ್ಪನ ನಾಡಿಬಡಿತ ನಿಮಿಷಕ್ಕೆ ಅರವತ್ತೆರಡು ಇರುತ್ತಿತ್ತು. ಹಲ್ಲುಜ್ಜಿ ಬಂದ ಮೇಲೆ ಎಪ್ಪತ್ತು. ಹಾಸ್ಟೆಲಿನ ಉಪ್ಪಿಟ್ಟು ಕಣ್ಣಿಗೆ ಬಿದ್ದ ಮೇಲೆ ಎಪ್ಪತ್ತಾರು. ಇದನ್ನೆಲ್ಲ ಅವನು ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಕೋಣೆಯ ಜೊತೆಗಾರ ರವಿಯನ್ನೂ ಬಿಡುತ್ತಿರಲಿಲ್ಲ. ರವಿ ಇನ್ನೂ ಗೊರಕೆ ಹೊಡೆಯುತ್ತಿರುವಾಗಲೇ ಅವನ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತ ಕೂರುತ್ತಿದ್ದ. ಮೊದಲ ದಿನ ಕಣ್ಣು ಬಿಟ್ಟ ರವಿ, "ನಾನಿನ್ನೂ ಸತ್ತಿಲ್ಲ ಮಾರಾಯ, ಕೈ ಬಿಡು" ಎಂದಿದ್ದ.

ಇದು ತೊಂಬತ್ತನಾಲ್ಕನೇ ಇಸವಿಯ ಮಾತು. ಜಟ್ಟಪ್ಪ ಸೊರಬದ ಕಡೆಯ ಗಡೇಕೊಪ್ಪದವನು. ಆ ಮನೆಯಲ್ಲಿ ಪಿಯುಸಿ ದಾಟಿದವನು ಅವನೊಬ್ಬನೇ. ಶಿಕಾರಿಪುರದ ಒಂದು ಖಾಸಗಿ ಕಾಲೇಜಿಗೆ ಸೇರಿ ದೈಹಿಕ ಶಿಕ್ಷಕನಾಗುವ ಸಿ.ಪಿ.ಎಡ್. ತರಬೇತಿ ಪಡೆಯುತ್ತಿದ್ದ. ಅವನ ಅಪ್ಪ ಜಯಪ್ಪನಿಗೆ ಈ ವಿದ್ಯೆ ಕೊನೆಯವರೆಗೂ ಅರ್ಥವಾಗಲಿಲ್ಲ. "ಓಡಕ್ಕೂ ಪುಸ್ತಕ ಇದ್ಯನಾ? ನಮ್ಮ ಎತ್ತು ಬಿಚ್ಚಿಕೊಂಡಾಗ ನಾನು ಓಡಿದ್ದು ಯಾವ ಪುಸ್ತಕ ನೋಡಿ?" ಎಂದು ಕೇಳಿದ್ದ. ಆದರೆ ಊರಿನ ಹೈಸ್ಕೂಲಿನ ಆಡಳಿತ ಸಮಿತಿಯ ಅಧ್ಯಕ್ಷರು ಮನೆಗೇ ಬಂದು ಹೇಳಿ ಹೋಗಿದ್ದರು: ಜೂನ್ ತಿಂಗಳಿಂದ ದೈಹಿಕ ಶಿಕ್ಷಕರ ಜಾಗ ಖಾಲಿ, ಪಾಸಾಗಿ ಬಂದರೆ ಜಟ್ಟಪ್ಪನಿಗೇ. ಬರದಿದ್ದರೆ ಆನವಟ್ಟಿಯ ಒಬ್ಬ ಹುಡುಗ ಸರ್ಟಿಫಿಕೇಟ್ ಹಿಡಿದುಕೊಂಡು ತಯಾರಾಗಿ ನಿಂತಿದ್ದಾನೆ.

ಹಾಗಾಗಿ ಜಟ್ಟಪ್ಪ ಉಸಿರು ಬಿಗಿಹಿಡಿದು ಓದುತ್ತಿದ್ದ. ಊಟದ ತಟ್ಟೆಯನ್ನು ಬೆರಳಿನಿಂದ ಭಾಗ ಮಾಡಿ, ಇದು ಪಿಷ್ಟ, ಇದು ಸಸಾರಜನಕ ಎಂದು ಗುರುತಿಸಿದ ಮೇಲೇ ತುತ್ತು ಎತ್ತುತ್ತಿದ್ದ. ಸಾರಿನಲ್ಲಿ ಸಸಾರಜನಕ ಹುಡುಕಿ ಹುಡುಕಿ ಸಾಕಾಗಿ ಒಮ್ಮೆ ಹಾಸ್ಟೆಲಿನ ಅಡುಗೆಯವರ ಹತ್ತಿರ ಹೋಗಿ, "ಬೇಳೆ ಎಲ್ಲಿ?" ಎಂದು ಕೇಳಿಬಿಟ್ಟ. ಆಮೇಲೆ ಒಂದು ವಾರ ಅವನಿಗೆ ಸಾರೂ ಸರಿಯಾಗಿ ಬೀಳಲಿಲ್ಲ.

ಆ ವರ್ಷದ ಪರೀಕ್ಷೆಯ ವಿಷಯಗಳಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಆರೋಗ್ಯ ದಾಖಲೆಗೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಶಾಲೆಯ ಮೂವತ್ತು ಮಕ್ಕಳನ್ನು ಆರಿಸಿಕೊಂಡು ಎತ್ತರ, ತೂಕ, ನಾಡಿ ಎಲ್ಲ ಅಳೆದು ಬರೆಯಬೇಕು. ಮೂರು ತಿಂಗಳು ವ್ಯಾಯಾಮ ಮಾಡಿಸಿ, ಆಹಾರದ ತಿಳಿವಳಿಕೆ ಕೊಟ್ಟು, ಮತ್ತೆ ಅಳೆಯಬೇಕು. ಕೊನೆಗೆ ಶಿವಮೊಗ್ಗದಿಂದ ಪರೀಕ್ಷಕರು ಆ ಶಾಲೆಗೇ ಬಂದು ನೋಡುತ್ತಾರೆ. ನೂರಕ್ಕೆ ಐವತ್ತು ಬಂದರೆ ಪಾಸು. ಕಳೆದ ವರ್ಷ ನಾಲ್ಕು ಜನ ಇದರಲ್ಲೇ ಬಿದ್ದಿದ್ದರು. ಅವರಲ್ಲಿ ಒಬ್ಬ ಮೂವತ್ತು ಮಕ್ಕಳಿಗೂ ಒಂದೇ ಎತ್ತರ ಬರೆದಿದ್ದನಂತೆ.

ಜಟ್ಟಪ್ಪನಿಗೆ ಸಿಕ್ಕಿದ್ದು ತೊಗರ್ಸಿ ರಸ್ತೆಯ ಬಿಳಿಕೊಪ್ಪದ ಹೈಸ್ಕೂಲಿನ ಎಂಟನೇ ತರಗತಿ. ಮಕ್ಕಳು ಒಳ್ಳೆಯವರು, ಮೈದಾನ ದೊಡ್ಡದು, ಟೇಪು ಅವನ ಹತ್ತಿರವೇ ಇತ್ತು. ತೂಕದ ಯಂತ್ರ ಮಾತ್ರ ಇರಲಿಲ್ಲ. ಊರಲ್ಲಿದ್ದ ಒಂದೇ ತೂಕದ ಯಂತ್ರವೆಂದರೆ ಅಕ್ಕಿ ಗಿರಣಿಯದು. ನೆಲದ ಮೇಲೆ ಕಬ್ಬಿಣದ ಹಲಗೆ, ಎದುರಿಗೆ ಎದೆಯೆತ್ತರದ ಕಂಬ, ಕಂಬದ ತಲೆಯ ಮೇಲೆ ಅಂಕಿ ಕೊರೆದ ಪಟ್ಟಿ, ಅದರ ಮೇಲೆ ಜಾರುವ ಬಿಲ್ಲೆ. ಅದನ್ನು ಮೂವತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದವನು ಕರಿಯಣ್ಣ. ಆ ಪಟ್ಟಿಯ ಮುಂದೆ ಕರಿಯಣ್ಣನ ಹೊರತು ಇನ್ನೊಬ್ಬರು ನಿಂತದ್ದನ್ನು ಊರು ನೋಡಿರಲಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ, ಮೈದಾನದಲ್ಲಿ ಓಟ ಮುಗಿಸಿ, ಜಟ್ಟಪ್ಪ ಮೂವತ್ತು ಮಕ್ಕಳನ್ನು ಸಾಲಾಗಿ ಗಿರಣಿಗೆ ಕರೆತಂದ. ಕರಿಯಣ್ಣ ಅವರನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ, "ಯಾವ ಹೊಲದ ಮಾಲು ಮೇಷ್ಟ್ರೇ ಇದು? ಬರೇ ಜೊಳ್ಳು ಕಾಣ್ತೈತಲ್ಲ" ಎಂದ.

"ಕರಿಯಣ್ಣಾರೇ, ಇದು ಪರೀಕ್ಷೆ ವಿಷಯ. ತಮಾಷೆ ಬೇಡ. ನೀವು ಭತ್ತ ಎಷ್ಟು ಸರಿಯಾಗಿ ತೂಗ್ತೀರೋ ಅಷ್ಟೇ ಸರಿಯಾಗಿ ಇವರನ್ನೂ ತೂಗಬೇಕು."

"ಮೂವತ್ತು ವರ್ಷ ಆತು, ನನ್ನ ತೂಕಕ್ಕೆ ಒಬ್ರು ಬೆರಳು ತೋರ್ಸಿಲ್ಲ. ನೀವು ಬರ್ಕಳ್ರಿ ಸುಮ್ನೆ."

ಮಕ್ಕಳ ಹೆದರಿಕೆ ಹೋಗಲಿ ಎಂದು ಮೊದಲು ಜಟ್ಟಪ್ಪನೇ ಹಲಗೆ ಹತ್ತಿದ. ಬಿಲ್ಲೆ ಸರಿಸಿ ಕರಿಯಣ್ಣ ಕೂಗಿದ: "ಐವತ್ತಾರೂ!" ಆಮೇಲೆ ಒಬ್ಬೊಬ್ಬರೇ ಹತ್ತಿದರು. ಚೀಲ ಎಣಿಸುವ ಅದೇ ರಾಗದಲ್ಲಿ ಕರಿಯಣ್ಣ ಕೂಗುತ್ತಿದ್ದ, ಜಟ್ಟಪ್ಪ ಕಂಬದ ಈಚೆ ಕಡೆ ಮಣೆ ಹಾಕಿಕೊಂಡು ಬರೆಯುತ್ತಿದ್ದ. ಕಾಲುವೆಯಲ್ಲಿ ಮುಳುಗೆದ್ದು ನೇರ ಸಾಲಿಗೆ ಸೇರಿದ್ದ ಒಬ್ಬ ಹುಡುಗ ಹತ್ತಿದಾಗ ಮಾತ್ರ ಕರಿಯಣ್ಣ ಅವನ ಒದ್ದೆ ತಲೆ ಮುಟ್ಟಿ ನೋಡಿ, "ಹಸಿ ಐತೆ" ಎಂದು ತನ್ನಷ್ಟಕ್ಕೇ ಹೇಳಿಕೊಂಡು, ಸ್ವಲ್ಪ ಯೋಚಿಸಿ ತೂಕ ಕೂಗಿದ. ಜಟ್ಟಪ್ಪ ಅದನ್ನೂ ಬರೆದುಕೊಂಡ.

ಅಂದು ಸಂಜೆ ಎತ್ತರಕ್ಕೆ ತಕ್ಕ ತೂಕದ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಲೆಕ್ಕ ಹಾಕಿದ ಜಟ್ಟಪ್ಪ ಅದನ್ನು ಮತ್ತೊಮ್ಮೆ ಹಾಕಿ ನೋಡಿದ. ಮೂವತ್ತರಲ್ಲಿ ಇಪ್ಪತ್ತಾರು ಮಕ್ಕಳು ಇರಬೇಕಾದ ತೂಕಕ್ಕಿಂತ ಕಡಿಮೆ. ಬಿಳಿಕೊಪ್ಪವನ್ನು ನೋಡಿದರೆ ಹಾಗೆ ಅನ್ನಿಸುತ್ತಿರಲಿಲ್ಲ. ಮನೆಮನೆಯಲ್ಲೂ ಹಸು, ಹಿತ್ತಿಲ ತುಂಬ ಸೊಪ್ಪು. ಆದರೆ ಅಂಕಿ ಸುಳ್ಳು ಹೇಳುವುದಿಲ್ಲ ಎಂದು ಅವನಿಗೆ ಕಾಲೇಜಿನಲ್ಲಿ ಕಲಿಸಿದ್ದರು. ಮರುದಿನವೇ 'ಕಡಿಮೆ ತೂಕದ ಮಕ್ಕಳು' ಎಂದು ದಪ್ಪ ಅಕ್ಷರದಲ್ಲಿ ಬರೆದು, ಇಪ್ಪತ್ತಾರು ಹೆಸರು ಇಳಿಸಿ, ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸಿದ. ಊರು ಎಚ್ಚೆತ್ತುಕೊಳ್ಳಲಿ ಎಂಬುದು ಅವನ ಆಸೆ.

ಊರು ಎಚ್ಚೆತ್ತುಕೊಂಡಿತು. ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲೇ ಗೇಟಿನ ಹತ್ತಿರ ಏಳೆಂಟು ಹೆಂಗಸರು ಸೇರಿದ್ದರು. ಎಲ್ಲರ ಮುಂದೆ ವೀರಮ್ಮ. ಪಟ್ಟಿಯಲ್ಲಿ ಮೂರನೇ ಹೆಸರು ಅವಳ ಮಗಳು ಅಶ್ವಿನಿಯದು.

"ಏನ್ರೀ ಮೇಷ್ಟ್ರೇ, ನನ್ನ ಮಗಳಿಗೆ ನಾನು ಕೂಳು ಹಾಕಲ್ಲ ಅಂತ ಬೋರ್ಡಿಗೆ ಬರ್ದೀರಂತಲ್ಲ?"

"ಹಾಗೆ ಬರೆದಿಲ್ಲಮ್ಮಾ. ತೂಕ ಕಡಿಮೆ ಅಂತ..."

"ಅದೇ ಅಲ್ಲೇನ್ರೀ ಅರ್ಥ? ನಮ್ಮ ನಾದಿನಿ ಬೋರ್ಡ್ ಓದ್ಕೊಂಡು ಬಂದು ನನ್ನ ಮುಖ ನೋಡಿ ನಕ್ಳು. ಈಗ ನಡೀರಿ ನನ್ನ ಜೊತಿಗೆ. ನಮ್ಮನಿ ರೊಟ್ಟಿ ಬುಟ್ಟಿ ನೋಡಿ ಆಮೇಲೆ ಮಾತಾಡ್ರಿ."

ಜಟ್ಟಪ್ಪ ಹೋಗಬೇಕಾಯಿತು. ರೊಟ್ಟಿಯ ಬುಟ್ಟಿ ನೋಡಿದ. ಹಾಲಿನ ಪಾತ್ರೆ ನೋಡಿದ. ನಾಲ್ಕು ರೊಟ್ಟಿ ತಿಂದ. ಐದನೆಯದನ್ನು ಬೇಡವೆಂದಾಗ ವೀರಮ್ಮ, "ನೀವೇ ಇಷ್ಟು ಕಮ್ಮಿ ತಿಂತೀರಿ, ನಮ್ಮ ಹುಡುಗೀಗೆ ಹೇಳಾಕೆ ಬಂದೀರಿ" ಎಂದಳು. ಅವನು ತೇಗನ್ನು ಒಳಗೇ ಹಿಡಿದುಕೊಂಡು ವಿವರಿಸಿದ. ಬರೀ ರೊಟ್ಟಿ ಹೊಟ್ಟೆ ತುಂಬಿಸುತ್ತದೆ, ಮೈ ಬೆಳೆಯಲು ಕಾಳು ಬೇಕು, ಸೊಪ್ಪು ಬೇಕು. ದಿನಕ್ಕೊಂದು ಹಿಡಿ ಹೆಸರುಕಾಳು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಕೊಡಿ. ಸಂಜೆ ಶೇಂಗಾ ಬೆಲ್ಲ. ನೆಲ್ಲಿಕಾಯಿ ಸಿಕ್ಕಾಗ ಉಪ್ಪಿನಕಾಯಿಗೆ ಹಾಕದೆ ಹಸಿಯಾಗಿ ತಿನ್ನಿಸಿ. ಉಣ್ಣುವ ಮುಂಚೆ ಸೋಪು ಹಚ್ಚಿ ಕೈ ತೊಳೆಯಲಿ. ಉಂಡ ಮೇಲೆ ಎರಡು ಗಂಟೆ ಓಡುವುದು, ಜಿಗಿಯುವುದು ಬೇಡ.

"ಇಷ್ಟೇನಾ? ಇದಕ್ಕೆ ಬೋರ್ಡಿಗೆ ಹಾಕ್ಬೇಕಾಗಿತ್ತಾ?" ಎಂದಳು ವೀರಮ್ಮ. ಆದರೆ ನಾದಿನಿಯ ನಗು ಅವಳ ಎದೆಯಲ್ಲಿ ಕುಟುಕುತ್ತಿತ್ತು. ಮರುದಿನ ಅವಳ ಅಡುಗೆಮನೆಯ ಗೂಟಕ್ಕೆ ಹೆಸರುಕಾಳಿನ ಗಂಟು ನೇತು ಬಿತ್ತು. ವೀರಮ್ಮ ಕಟ್ಟಿದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ವಾರ ಕಳೆಯುವಷ್ಟರಲ್ಲಿ ಬಿಳಿಕೊಪ್ಪದ ಎಲ್ಲ ಮನೆಯಲ್ಲೂ ಗಂಟು ನೇತಾಡುತ್ತಿತ್ತು. ಮೊದಲ ಹದಿನೈದು ದಿನ ಎಂಟನೇ ತರಗತಿಯ ಕಿಟಕಿಗಳನ್ನು ಮುಚ್ಚಬಾರದೆಂದು ಹೆಡ್‌ಮೇಷ್ಟ್ರೇ ಆರ್ಡರ್ ಮಾಡಿದರು. ಆಮೇಲೆ ಮಕ್ಕಳ ಹೊಟ್ಟೆ ಹೊಂದಿಕೊಂಡಿತು.

ಜಟ್ಟಪ್ಪ ವಾರಕ್ಕೆ ನಾಲ್ಕು ದಿನ ಬಸ್ಸು ಹಿಡಿದು ಬರುತ್ತಿದ್ದ. ಮಕ್ಕಳ ಜೊತೆ ತಾನೂ ಓಡುತ್ತಿದ್ದ. ಆರುನೂರು ಮೀಟರ್ ಓಡಿಸಿ, ಮೂರು ನಿಮಿಷ ಕೂರಿಸಿ, ಒಬ್ಬೊಬ್ಬರ ಕೈ ಹಿಡಿದು ನಾಡಿ ಎಣಿಸಿ ಬರೆಯುತ್ತಿದ್ದ. ಶುರುವಿನಲ್ಲಿ ಅಶ್ವಿನಿ ಒಂದು ಸುತ್ತಿಗೇ ಕೂತುಬಿಡುತ್ತಿದ್ದಳು. ನಾಡಿ ನೂರಾ ನಲವತ್ತರಿಂದ ಇಳಿಯುತ್ತಲೇ ಇರಲಿಲ್ಲ.

ಫೆಬ್ರವರಿಯಲ್ಲಿ ಎರಡನೇ ಸಲ ತೂಗುವ ಹೊತ್ತಿಗೆ ಗಿರಣಿಗೆ ಹೊಸ ಭತ್ತ ಬಂದು ಕಾಲಿಡಲು ಜಾಗವಿರಲಿಲ್ಲ. ಅದೇ ವಾರ ಕಾಲೇಜಿಗೆ ಒಂದು ಹೊಸ ತೂಕದ ಯಂತ್ರ ಬಂತು. ಆರೋಗ್ಯ ಶಿಕ್ಷಣ ಕಲಿಸುತ್ತಿದ್ದ ಮಲ್ಲಿಕಾರ್ಜುನ್ ಸರ್ ಅದನ್ನು ಮೂರು ಸಲ ಒರೆಸಿ ಜಟ್ಟಪ್ಪನ ಕೈಗೆ ಕೊಟ್ಟರು. ಅವನು ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದು ಶಾಲೆಯ ಜಗಲಿಯ ಮೇಲಿಟ್ಟ.

ಅಶ್ವಿನಿ ಎರಡು ಕೆಜಿ ಆರುನೂರು ಗ್ರಾಂ ಹೆಚ್ಚಿದ್ದಳು. ಅವಳ ಹಿಂದಿನವನು ಎರಡು ಕೆಜಿ ಇನ್ನೂರು. ಅದರ ಹಿಂದಿನವಳು ಎರಡೂವರೆ. ಕೊನೆಗೆ ಲೆಕ್ಕ ಕೂಡಿಸಿದಾಗ ತಲೆಗೆ ಸರಾಸರಿ ಎರಡು ಕೆಜಿ ನಾನೂರು ಗ್ರಾಂ!

ಹೆಡ್‌ಮೇಷ್ಟ್ರು ಕುರ್ಚಿ ಬಿಟ್ಟು ಎದ್ದು ಬಂದು ಕೈ ಕುಲುಕಿದರು. ಊರಲ್ಲಿ ಸುದ್ದಿ ಹಬ್ಬಿತು. ವೀರಮ್ಮ ತನ್ನ ನಾದಿನಿಯ ಮನೆಗೆ ಹೋಗಿ, ಕೇಳದಿದ್ದರೂ ತೂಕ ಹೇಳಿ ಬಂದಳು. ಈಸೂರಿನಿಂದ ಯಾರೋ ಮೊಮ್ಮಗನನ್ನು ಕರೆತಂದು, "ಇವನಿಗೂ ಎರಡು ಕೆಜಿ ಹಾಕಿಕೊಡ್ರಿ" ಎಂದು ಕೇಳಿದರು. ಮಲ್ಲಿಕಾರ್ಜುನ್ ಸರ್ ಅಂಕಿ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. "ಏನೋ ಜಟ್ಟಪ್ಪ, ಹತ್ತು ವರ್ಷದಲ್ಲಿ ಇಂಥ ದಾಖಲೆ ನಾನು ನೋಡಿಲ್ಲ. ನಿನಗೆ ತೊಂಬತ್ತಕ್ಕೆ ಕಮ್ಮಿ ಹಾಕಿದರೆ ಆ ಪರೀಕ್ಷಕರನ್ನೇ ಕೇಳ್ತೀನಿ."

ಜಟ್ಟಪ್ಪ ಎರಡು ದಿನ ನೆಲದ ಮೇಲೆ ನಡೆಯಲಿಲ್ಲ. ಮೂರನೇ ದಿನ ದಾಖಲೆಯನ್ನು ಅಚ್ಚುಕಟ್ಟಾಗಿ ಇಳಿಸಲು ಕೂತಾಗ, ಕಾಲಂ ಪೂರ್ತಿಯಾಗಲೆಂದು ತಾನೂ ಯಂತ್ರ ಹತ್ತಿ ನೋಡಿದ. ಐವತ್ತೇಳು. ನವೆಂಬರಿನಲ್ಲಿ ಐವತ್ತಾರು ಇತ್ತು. ಅಂದರೆ ತಾನೂ ಒಂದು ಕೆಜಿ ಹೆಚ್ಚಿದ್ದೇನೆ. ಖುಷಿಯಿಂದ ಇಳಿಯುವಾಗ ಪ್ಯಾಂಟು ಸೊಂಟದಿಂದ ಜಾರಿತು. ದಿನಾ ಓಡಿ ಓಡಿ ಬೆಲ್ಟಿಗೆ ಹೊಸ ತೂತು ಕೊರೆಸಿಕೊಂಡವನು ಒಂದು ಕೆಜಿ ಹೆಚ್ಚಿದ್ದು ಹೇಗೆ?

ಅವನು ಮತ್ತೆ ಪಟ್ಟಿ ನೋಡಿದ. ಶ್ರೀಲತಾ ಎಂಬ ಹುಡುಗಿ ಜನವರಿಯಲ್ಲಿ ಹದಿನೈದು ದಿನ ಜ್ವರದಿಂದ ಮಲಗಿ ಗಂಜಿಯ ಮೇಲಿದ್ದಳು. ಅವಳೂ ಒಂದೂ ಮುಕ್ಕಾಲು ಕೆಜಿ ಹೆಚ್ಚಿದ್ದಳು. ಒಂದು ಕಾಳೂ ಬಾಯಿಗೆ ಹಾಕದೆ ಎಲ್ಲವನ್ನೂ ಕೋಳಿಗೆ ಚೆಲ್ಲುತ್ತಿದ್ದ ಹುಡುಗನೂ ಎರಡು ಕೆಜಿ. ಜಟ್ಟಪ್ಪ ಮೊದಲ ಬಸ್ಸಿಗೇ ಬಿಳಿಕೊಪ್ಪಕ್ಕೆ ಬಂದು ಗಿರಣಿಯ ಬಾಗಿಲಲ್ಲಿ ಇಳಿದ.

ಕರಿಯಣ್ಣ ಭತ್ತ ತೂಗುತ್ತಿದ್ದ. ಈ ಸಲ ಜಟ್ಟಪ್ಪ ಕಂಬದ ಆಚೆ ಕಡೆಗೆ, ಕರಿಯಣ್ಣನ ಬೆನ್ನ ಹಿಂದೆ ಹೋಗಿ ನಿಂತ. ಬಿಲ್ಲೆ ಎಪ್ಪತ್ತೇಳಕ್ಕೆ ನಿಂತಿತು. ಕರಿಯಣ್ಣ ಕೂಗಿದ: "ಎಪ್ಪತ್ತೈದೂ!"

"ಕರಿಯಣ್ಣಾರೇ! ಎಪ್ಪತ್ತೇಳು ಇದೆ ಅಲ್ಲಿ!"

"ಹೌದು. ಚೀಲಕ್ಕೆ ಒಂದು, ಧೂಳಿಗೆ ಒಂದು. ಮುರಿದೇ ಬರೆಯೋದು. ಯಾಕೆ?"

"ಅವತ್ತು ಮಕ್ಕಳನ್ನ ತೂಗಿದಾಗಲೂ ಹೀಗೇ ಮುರಿದ್ರಾ?"

"ಮತ್ತೆ? ಭತ್ತ ತೂಗಿದಂಗೇ ತೂಗ್ರಿ ಅಂದೋರು ನೀವೇ ಅಲ್ಲೇನ್ರೀ?"

"ಮಕ್ಕಳಿಗೆ ಚೀಲ ಎಲ್ಲಿತ್ತು ಮಾರಾಯ್ರೇ?"

"ಅಂಗಿ ಚಡ್ಡಿ ಹಾಕ್ಕೊಂಡಿರ್ಲಿಲ್ಲೇನು? ಚೀಲ ಅಂದ್ರೆ ಅದೇ."

"ಧೂಳು?"

"ಮೈದಾನದಾಗೆ ಕುಣಿಸಿ ಕರ್ಕೊಂಡು ಬಂದಿದ್ರಿ. ಮೊಣಕಾಲ ಮಟ ಧೂಳಿತ್ತು. ನಾನು ಕಣ್ಣಾರೆ ನೋಡೀನಿ." ಕರಿಯಣ್ಣ ಸ್ವಲ್ಪ ಯೋಚಿಸಿ ಸೇರಿಸಿದ: "ಆ ತಲೆ ಒದ್ದೆ ಇತ್ತಲ್ಲ, ಆ ಹುಡುಗಂಗೆ ಇನ್ನರ್ಧ ಮುರ್ದೆ. ಹಸಿ ಮಾಲಿಗೆ ಹಂಗೇ. ನಿಮಗೆ ಅನ್ಯಾಯ ಆಗಬಾರದಲ್ಲ."

ಜಟ್ಟಪ್ಪ ಅಲ್ಲೇ ಒಂದು ಭತ್ತದ ಚೀಲದ ಮೇಲೆ ಕೂತ. ಪರೀಕ್ಷಕರು ಬರಲು ನಾಲ್ಕು ದಿನ ಇತ್ತು.

ಹಾಸ್ಟೆಲಿಗೆ ಬಂದು ಕೆಂಪು ಪೆನ್ನು ಹಿಡಿದು ಬೇರೊಂದು ಹಾಳೆಯಲ್ಲಿ ಲೆಕ್ಕ ತಿದ್ದಿದ. ಎಲ್ಲರ ಮೊದಲ ತೂಕಕ್ಕೂ ಎರಡು ಕೂಡಿಸಿದ, ಒದ್ದೆ ತಲೆಯವನಿಗೆ ಎರಡೂವರೆ. ಆಗ ಕಡಿಮೆ ತೂಕದವರು ಇಪ್ಪತ್ತಾರಲ್ಲ, ಹನ್ನೊಂದೇ. ಮೂರು ತಿಂಗಳಲ್ಲಿ ಹೆಚ್ಚಿದ್ದು ಸರಾಸರಿ ನಾನೂರು ಗ್ರಾಂ. ಶ್ರೀಲತಾ ಕಾಲು ಕೆಜಿ ಇಳಿದಿದ್ದಳು. ರವಿ ಹೆಗಲ ಮೇಲಿಂದ ಬಗ್ಗಿ ನೋಡಿ, "ಕೆಂಪು ಪೆನ್ನು ಮುಚ್ಚಿಡು. ಕರಿಯಣ್ಣನ ವಿಷಯ ನಿನಗೆ ಗೊತ್ತು, ನನಗೆ ಗೊತ್ತು. ಶಿವಮೊಗ್ಗದವರಿಗೆ ಯಾಕೆ ಗೊತ್ತಾಗಬೇಕು?" ಎಂದ. ಜಟ್ಟಪ್ಪ ತಂದು ತೋರಿಸಿದ ಹೊಸ ಲೆಕ್ಕವನ್ನು ಮಲ್ಲಿಕಾರ್ಜುನ್ ಸರ್ ಕೊನೆಯ ಸಾಲಿನವರೆಗೂ ಓದಿದರು. ಆಮೇಲೆ, "ನಾನು ಬರಿ ಅಂತ ಹೇಳಲ್ಲ, ಬರೀಬೇಡ ಅಂತಲೂ ಹೇಳಲ್ಲ. ನೀನು ನನ್ನ ಹತ್ತಿರ ಬಂದೇ ಇಲ್ಲ" ಎಂದು ಎದ್ದು ಹೋದರು.

ಜಟ್ಟಪ್ಪನ ಕಣ್ಣ ಮುಂದೆ ಆನವಟ್ಟಿಯ ಹುಡುಗ ಗಡೇಕೊಪ್ಪದ ಮೈದಾನದಲ್ಲಿ ಸೀಟಿ ಊದುತ್ತಿದ್ದ. ಆದರೂ ಸುಳ್ಳು ಅಂಕಿಗಳ ಕೆಳಗೆ ಸಹಿ ಹಾಕಲು ಕೈ ಬರಲಿಲ್ಲ. ಅದೂ ಅಲ್ಲದೆ, ಇಲ್ಲದ ಹಸಿವನ್ನು ಊರಿನ ಮೇಲೆ ಹೊರಿಸಿ ಬೋರ್ಡಿಗೆ ಹಾಕಿದವನು ತಾನೇ. ಮೊದಲು ಅದನ್ನು ಹೇಳಿಬಿಡಬೇಕೆಂದು ವೀರಮ್ಮನ ಮನೆಗೆ ಹೋದ.

ವೀರಮ್ಮ ಪೂರ್ತಿ ಕೇಳಿದಳು. "ಹಂಗಾದ್ರೆ ನಮ್ಮ ಅಶ್ವಿನಿ ಎರಡು ಕೆಜಿ ಹೆಚ್ಚಿಗೆ ಆಗಿಲ್ಲ?"

"ಆರುನೂರು ಗ್ರಾಂ ಆಗಿದ್ದಾಳೆ ಅಮ್ಮಾ. ಉಳಿದ ಎರಡು ಕೆಜಿ ಮೊದಲಿಂದಲೂ ಇತ್ತು."

"ಅದು ಆಗಲ್ರೀ ಮೇಷ್ಟ್ರೇ. ಕೊಟ್ಟಿದ್ದನ್ನ ವಾಪಸ್ ಕೇಳ್ತೀರಾ? ನಾನು ಎಲ್ಲಾರಿಗೂ ಹೇಳ್ಕೊಂಡು ಬಂದೀನಿ. ನಮ್ಮ ನಾದಿನಿಗೆ ಏನಂತ ಹೇಳ್ಲಿ?"

"ನಾನು ದಾಖಲೆಯಲ್ಲಿ ನಿಜ ಬರೀಲೇಬೇಕು. ಫೇಲಾದರೂ ಸರಿ."

ಫೇಲು ಎಂಬ ಮಾತು ಕೇಳಿದ ಮೇಲೆ ವೀರಮ್ಮ ನಾದಿನಿಯ ಮಾತು ಬಿಟ್ಟಳು. ಅವನು ಹೋದ ಮೇಲೆ ಸೆರಗು ಸಿಕ್ಕಿಸಿಕೊಂಡು ಮನೆಮನೆಗೂ ಹೊರಟಳು. ಏನು ಮಾತಾಡಿಕೊಂಡರೋ ಜಟ್ಟಪ್ಪನಿಗೆ ತಿಳಿಯಲಿಲ್ಲ.

ಪರೀಕ್ಷೆಯ ದಿನ ಬಂದವರು ನೀಲಾಂಬಿಕ ಮೇಡಂ. ಬಿಳಿ ಕ್ಯಾನ್ವಾಸ್ ಶೂ, ಸೀರೆ, ಕೊರಳಲ್ಲಿ ಸೀಟಿ. ಮಾತು ಕಡಿಮೆ. ಶಾಲೆಯ ಜಗಲಿಯ ಮೇಲೆ ಕೂತು ದಾಖಲೆ ಬಿಚ್ಚಿದರು. ನೀಲಿ ಅಂಕಿಗಳ ಮೇಲೆಲ್ಲ ಕೆಂಪು ಗೀಟು, ಪಕ್ಕದಲ್ಲಿ ಕೆಂಪು ಅಂಕಿ. ಜಟ್ಟಪ್ಪ ನಿಂತುಕೊಂಡೇ ಕರಿಯಣ್ಣನ ಕತೆ ಹೇಳಿದ. ಮಲ್ಲಿಕಾರ್ಜುನ್ ಸರ್ ಪಕ್ಕದಲ್ಲಿ ಛಾವಣಿ ನೋಡುತ್ತಿದ್ದರು.

"ಇದನ್ನ ಬರೀರಿ ಅಂತ ಯಾರು ಹೇಳಿದ್ರು ನಿಮಗೆ?"

"ಯಾರೂ ಹೇಳಿಲ್ಲ ಮೇಡಂ."

"ನಾನೂರು ಗ್ರಾಂ ಅಂದ್ರೆ ಈ ವಯಸ್ಸಿನ ಮಕ್ಕಳು ನೀವಿಲ್ಲದಿದ್ದರೂ ಬೆಳೀತಾರಲ್ರೀ. ಹಂಗಾದ್ರೆ ನೀವು ಮೂರು ತಿಂಗಳು ಮಾಡಿದ್ದೇನು?"

"ನಾಡಿ ನೋಡಿ ಮೇಡಂ. ಅದು ನಾನೇ ಎಣಿಸಿದ್ದು. ಆರುನೂರು ಮೀಟರ್ ಓಡಿ ಮೂರು ನಿಮಿಷ ಆದ ಮೇಲೆ ಮೊದಲು ನೂರಾ ಮೂವತ್ತು, ನಲವತ್ತು ಇರ್ತಿತ್ತು. ಈಗ ನೂರಕ್ಕೆ ಬಂದಿದೆ."

"ಬರೆದಿದ್ದನ್ನ ನಂಬೋ ಹಾಗಿಲ್ಲ ಅಂತ ನೀವೇ ತೋರಿಸಿಕೊಟ್ಟಿದ್ದೀರಿ. ನಾನೇ ನೋಡ್ತೀನಿ. ಮೊದಲು ತೂಕ ಸರಿ ಇದೆಯಾ ನೋಡೋಣ, ಆಮೇಲೆ ಓಡಿಸಿ."

ಅಶ್ವಿನಿ ಯಂತ್ರ ಹತ್ತಿದಳು. ಮೇಡಂ ಅಂಕಿ ನೋಡಿದರು, ದಾಖಲೆ ನೋಡಿದರು. "ಹತ್ತು ದಿನದ ಹಿಂದಿಗಿಂತ ಒಂದೂವರೆ ಕೆಜಿ ಜಾಸ್ತಿ ಇದೆಯಲ್ರೀ." ಮುಂದಿನವನು ಎರಡು ಕೆಜಿ ಜಾಸ್ತಿ. ಅದರ ಮುಂದಿನವನು ಹತ್ತುವಷ್ಟರಲ್ಲಿ ಅವನ ಚಡ್ಡಿ ಎಡಗಡೆಗೆ ವಾಲಿ, ಜೇಬಿನಿಂದ ಅಜ್ಜಿಯ ಎಲೆಯಡಿಕೆ ಕುಟ್ಟಾಣಿ ಠಣ್ಣೆಂದು ಯಂತ್ರದ ಮೇಲೆ ಬಿತ್ತು.

ಮೇಡಂ ಕುಟ್ಟಾಣಿಯನ್ನು ಎತ್ತಿ ಮೇಜಿನ ಮೇಲಿಟ್ಟರು. ಮಕ್ಕಳ ಮುಖಗಳನ್ನು ನೋಡಿದರು. ಕೆಲವರು ನೇರ ನಿಲ್ಲಲಾರದೆ ಹೊಟ್ಟೆಗೆ ಕೈ ಕೊಟ್ಟುಕೊಂಡಿದ್ದರು. ಬೇಲಿಯ ಆಚೆ ಹೆಂಗಸರ ದೊಡ್ಡ ಗುಂಪೇ ನಿಂತಿತ್ತು. ಎಲ್ಲರ ಮುಂದೆ ವೀರಮ್ಮ.

"ಏನು ತಿಂದಿದ್ದೀಯಮ್ಮಾ?"

ಅಶ್ವಿನಿ ಉಸಿರು ಎಳೆದುಕೊಂಡು ಹೇಳಿದಳು: "ನಾಲ್ಕು ರೊಟ್ಟಿ, ಮೇಡಂ. ಆಮೇಲೆ ಅನ್ನ. ಆಮೇಲೆ ಆರು ಬಾಳೆಹಣ್ಣು. ಆಮೇಲೆ ಒಂದು ತಂಬಿಗೆ ನೀರು. ಗೇಟಿನ ಹತ್ರ ಇನ್ನೊಂದು ತಂಬಿಗೆ."

ಜಟ್ಟಪ್ಪನಿಗೆ ಎಲ್ಲ ಅರ್ಥವಾಯಿತು. ಹೋದ ಎರಡು ಕೆಜಿಯನ್ನು ಊರು ಒಂದೇ ಬೆಳಿಗ್ಗೆ ತುಂಬಿಕೊಟ್ಟಿತ್ತು.

ಮೇಡಂ ಗಡಿಯಾರ ನೋಡಿದರು. "ಹನ್ನೆರಡೂವರೆ ಆಯ್ತು. ಒಂದೂವರೆಗೆ ನನ್ನ ಬಸ್ಸು. ಸಾಲು ಮಾಡಿಸಿ, ಓಡಿಸಿ."

ಅವನನ್ನು ಪಾಸು ಮಾಡಿಸಬಲ್ಲದ್ದು ಈಗ ಆ ಓಟ ಒಂದೇ. ಮಲ್ಲಿಕಾರ್ಜುನ್ ಸರ್ ಕಣ್ಣಿನಲ್ಲೇ 'ಬೇಗ, ಬೇಗ' ಎನ್ನುತ್ತಿದ್ದರು. ಮಕ್ಕಳು ತಾವಾಗಿಯೇ ಸುಣ್ಣದ ಗೆರೆಯ ಹತ್ತಿರ ಹೋಗಿ ನಿಂತರು. ಜಟ್ಟಪ್ಪ ಸೀಟಿ ಬಾಯಿಗಿಟ್ಟ, ಮತ್ತೆ ತೆಗೆದ.

"ಓಡಿಸೋದಿಲ್ಲ ಮೇಡಂ."

"ಯಾಕೆ?"

"ಹೊಟ್ಟೆ ಬಿರಿಯೋ ಹಾಗೆ ಉಂಡಿದ್ದಾರೆ. ಈಗ ಓಡಿಸಿದರೆ ಪಕ್ಕೆ ಹಿಡಿಯುತ್ತೆ, ವಾಂತಿ ಆಗುತ್ತೆ. ಎರಡು ಗಂಟೆ ಕಳೀಬೇಕು."

"ಅಷ್ಟು ಹೊತ್ತು ನಾನು ಇರಲ್ಲ. ಓಡದಿದ್ರೆ ಆ ಕಾಲಂಗೆ ಸೊನ್ನೆ ಹಾಕ್ಬೇಕಾಗುತ್ತೆ. ಸೊನ್ನೆ ಹಾಕಿದ್ರೆ ನೀವು ಪಾಸಾಗಲ್ಲ. ಗೊತ್ತಾ?"

"ಗೊತ್ತು ಮೇಡಂ. ಹಾಕಿ."

ಬೇಲಿಯ ಆಚೆ ವೀರಮ್ಮ ಬಾಯಿಗೆ ಸೆರಗು ಹಿಡಿದಳು. ಮೇಡಂ ಗೆರೆಯ ಹತ್ತಿರ ನಿಂತಿದ್ದ ಮಕ್ಕಳ ಕಡೆ ತಿರುಗಿದರು. "ಏನ್ರಪ್ಪಾ, ಊಟ ಆದ ಮೇಲೆ ಎಷ್ಟು ಹೊತ್ತು ಓಡಬಾರದು?"

ಮೂವತ್ತು ಬಾಯಿ ಒಟ್ಟಿಗೆ ತೆರೆದವು: "ಎರಡು ಗಂಟೆ, ಮೇಡಂ!"

"ಗೊತ್ತಿದ್ದೂ ಯಾಕೆ ತಿಂದ್ರಿ?"

ಕುಟ್ಟಾಣಿಯ ಹುಡುಗ ಚಡ್ಡಿ ಏರಿಸಿಕೊಳ್ಳುತ್ತ ಹೇಳಿದ: "ಮೇಷ್ಟ್ರು ಫೇಲಾಗಬಾರ್ದು ಅಂತ, ಮೇಡಂ. ತಿನ್ನೋ ಮುಂಚೆ ಕೈ ತೊಳ್ಕೊಂಡೀವಿ."

ನೀಲಾಂಬಿಕ ಮೇಡಂ ದಾಖಲೆ ಮುಚ್ಚಿದರು. ಜಗಲಿಯ ಕಂಬಕ್ಕೆ ಒರಗಿ ಕೂತು, ಶೂ ಬಿಚ್ಚಿ ಪಕ್ಕಕ್ಕಿಟ್ಟರು. ಒಂದೂವರೆಯ ಬಸ್ಸು ರಸ್ತೆಯಲ್ಲಿ ಹಾರ್ನ್ ಹೊಡೆಯಿತು. ಹೆಡ್‌ಮೇಷ್ಟ್ರು ಗಾಬರಿಯಾಗಿ ಎದ್ದರು. ಮೇಡಂ ಏಳಲಿಲ್ಲ. ಬಸ್ಸು ಹೋಯಿತು.

ಎರಡೂವರೆಗೆ ಮಕ್ಕಳು ಓಡಿದರು. ಅಷ್ಟರಲ್ಲಿ ತಂಬಿಗೆ ನೀರು ಹೋಗಬೇಕಾದ ಕಡೆ ಹೋಗಿ, ಎಲ್ಲರೂ ಹಗುರಾಗಿದ್ದರು. ಮೇಡಂ ಹನ್ನೆರಡು ಮಕ್ಕಳನ್ನು ತಾವೇ ಆರಿಸಿ, ಮೂರು ನಿಮಿಷ ಕೂರಿಸಿ, ಒಬ್ಬೊಬ್ಬರ ಮಣಿಕಟ್ಟು ಹಿಡಿದು ತಮ್ಮ ಗಡಿಯಾರದಲ್ಲೇ ಎಣಿಸಿದರು. ಒಂದೊಂದು ಅಂಕಿಯನ್ನೂ ದಾಖಲೆಯ ಅಂಕಿಯ ಪಕ್ಕ ಪೆನ್ಸಿಲಿನಲ್ಲಿ ಬರೆದರು. ಜಟ್ಟಪ್ಪ ದೂರದಿಂದ ಕತ್ತು ಉದ್ದ ಮಾಡಿದ. ಏನೂ ಕಾಣಲಿಲ್ಲ. ಮೇಡಂ ಅಂಕಪಟ್ಟಿ ತುಂಬಿ, ಲಕೋಟೆಗೆ ಹಾಕಿ, ಅಂಟು ಹಚ್ಚಿ, ಅದರ ಮೇಲೆ ಸಹಿ ಹಾಕಿ ಚೀಲಕ್ಕೆ ಸೇರಿಸಿದರು. ಅವರ ಮುಖದಲ್ಲಿ ಪಾಸೂ ಇರಲಿಲ್ಲ, ಫೇಲೂ ಇರಲಿಲ್ಲ.

ಮುಂದಿನ ಬಸ್ಸು ಐದು ಗಂಟೆಗೆ. ಊರಿಗೆ ಬಂದವರು ಉಪವಾಸ ಹೋಗುವ ಹಾಗಿಲ್ಲ ಎಂದು ವೀರಮ್ಮ ಮೇಡಮ್ಮನ ಚೀಲವನ್ನೇ ಎತ್ತಿಕೊಂಡು ಮುಂದೆ ನಡೆದಳು. ಲಕೋಟೆ ಚೀಲದಲ್ಲಿದ್ದುದರಿಂದ ಮೇಡಂ ಹಿಂದೆ ಹೋಗಲೇಬೇಕಾಯಿತು. ಮಲ್ಲಿಕಾರ್ಜುನ್ ಸರ್, ಜಟ್ಟಪ್ಪ ಇಬ್ಬರೂ ಹೋದರು. ಪಡಸಾಲೆಯಲ್ಲಿ ಮಣೆ ಹಾಕಿ ಮೂವರನ್ನೂ ಕೂರಿಸಿದಳು. ಬಿಸಿ ರೊಟ್ಟಿ ಬಂತು, ಬದನೆಕಾಯಿ ಎಣಗಾಯಿ ಬಂತು, ಮೊಳಕೆ ಕಾಳಿನ ಪಲ್ಯ ಬಂತು. ಕೊನೆಗೆ ವೀರಮ್ಮ ತುಪ್ಪದ ಗಿಂಡಿ ಹಿಡಿದು ಬಂದು, ಬಡಿಸದೆ ಮೇಡಮ್ಮನ ಎದುರಿಗೆ ನಿಂತುಕೊಂಡಳು.

"ಮೇಡಮ್ಮಾರೇ, ನಮ್ಮ ಮೇಷ್ಟ್ರು ಪಾಸಾ?"

"ಅದನ್ನ ಈಗ ಹೇಳೋ ಹಾಗಿಲ್ಲಮ್ಮಾ. ಏಪ್ರಿಲ್‌ನಲ್ಲಿ ಫಲಿತಾಂಶ ಬರುತ್ತೆ."

"ಏಪ್ರಿಲ್ ಮಟ ನಾನು ಈ ಗಿಂಡಿ ಹಿಡ್ಕೊಂಡು ನಿಲ್ಲಾಕೆ ಆಗಲ್ಲ. ಹಿಂಗ್ ಮಾಡ್ರಿ. ನೀವು ಬಾಯಿ ಬಿಡಬ್ಯಾಡ್ರಿ. ಪಾಸಾಗಿದ್ರೆ ರೊಟ್ಟಿ ಮೇಲೆ ತುಪ್ಪ ಹಾಕಿಸ್ಕಳ್ರಿ. ಇಲ್ಲಾಂದ್ರೆ ಕೈ ಅಡ್ಡ ಹಿಡೀರಿ, ಒಣ ರೊಟ್ಟಿ ತಿನ್ನೀರಂತೆ."

"ಅಮ್ಮಾ!" ಎಂದ ಜಟ್ಟಪ್ಪ, ನಾಚಿಕೆಯಿಂದ ನೆಲಕ್ಕಿಳಿದವನಂತೆ. ಮಲ್ಲಿಕಾರ್ಜುನ್ ಸರ್ ಮತ್ತೆ ಛಾವಣಿ ನೋಡಿದರು.

ನೀಲಾಂಬಿಕ ಮೇಡಂ ಒಂದು ಕ್ಷಣ ರೊಟ್ಟಿಯನ್ನು ನೋಡಿದರು. ಆಮೇಲೆ ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ ಗಿಂಡಿಯ ಕೆಳಗೆ ಹಿಡಿದರು.

"ಹಾಕಮ್ಮಾ," ಎಂದರು. "ಸ್ವಲ್ಪ ಧಾರಾಳವಾಗೇ ಹಾಕು."